ಮೊದಲು ಯಾವ ಕ್ಯಾಸೆಟ್ ಕೊಳ್ಳಬೇಕು?

ಯುಗಾದಿ ಮುಗಿದ ಮರುವಾರ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ತಿಳಿದ ಮೇಲೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡುತ್ತಲೇ ಇದೆ. ಹುಡುಗ ಹಾಸನದಲ್ಲೇ ಎಂಜಿನಿಯರಿಂಗ್ ಓದುತ್ತಿರುವವನು. ನಮ್ಮ ಹಜಾರದ ಕಬ್ಬಿಣದ ಬೀರುವಿನ ಕೆಳಗಿನ ಎರಡು ಅರೆಗಳಲ್ಲಿ ಬಟ್ಟೆಯ ಬದಲು ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಯಂತ್ರಗಳೂ ಅವಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್‌ಗಳೂ ಸುರುಳಿ ಸುತ್ತಿದ ವೈರುಗಳೂ ತುಂಬಿರುವುದು ಬೀದಿಗೆಲ್ಲ ಗೊತ್ತಿರುವ ಸಂಗತಿ. ನನ್ನ ಹೆಂಡತಿ ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿ 3,000 ರೂಪಾಯಿ ಉಳಿಸಿದ್ದೇನೆ, ನಿಮ್ಮ ಹಾಗೆ ನಾನೂ ಹಳೆಯ ಗೇಮ್‌ಗಳನ್ನು ಕೂಡಿಡಬೇಕೆಂದಿದ್ದೇನೆ, ಮೊದಲು ಏನು ಕೊಳ್ಳಲಿ ಎಂದು ಅವನು ಕೇಳಿದ. ಇಂಥ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಉಬ್ಬಿಹೋಗಿ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನಿಗೆ ಒಂದು ಪಟ್ಟಿ ಬರೆದುಕೊಟ್ಟೆ.

ಸೂಪರ್ ಮಾರಿಯೋ ಬ್ರದರ್ಸ್ 3, ದಿ ಲೆಜೆಂಡ್ ಆಫ್ ಜೆಲ್ಡಾ, ಕ್ಯಾಸಲ್‌ವೇನಿಯಾ, ಸೂಪರ್ ಮೆಟ್ರಾಯ್ಡ್, ಕ್ರೋನೋ ಟ್ರಿಗರ್. ಎಲ್ಲವೂ ದೊಡ್ಡ ಹೆಸರುಗಳು, ಎಲ್ಲವೂ ಒಳ್ಳೆಯ ಆಟಗಳು. ಆದರೆ ಆ ಪಟ್ಟಿ ನನ್ನದಾಗಿರಲಿಲ್ಲ ಎಂಬುದು ಈಗ ನನಗೆ ಸ್ಪಷ್ಟವಾಗಿದೆ. ಅದು ಅಮೆರಿಕದ ಯಾವುದೋ ಊರಿನಲ್ಲಿ ಬೆಳೆದು, ಭಾನುವಾರ ನೆರೆಮನೆಯವರು ಗ್ಯಾರೇಜಿನ ಮುಂದೆ ಹರಡಿಟ್ಟ ಹಳೆಯ ಸಾಮಾನಿನ ನಡುವೆ ಕ್ಯಾಸೆಟ್ ಹೆಕ್ಕಬಲ್ಲವನ ಪಟ್ಟಿ. ನಾನು ಅದನ್ನು ವರ್ಷಗಟ್ಟಲೆ ಅಲ್ಲಿ ಇಲ್ಲಿ ಓದಿ ಬಾಯಿಪಾಠ ಮಾಡಿಕೊಂಡಿದ್ದೆ, ಅಷ್ಟೇ. ಹುಡುಗ ಪಾಪ, ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎರಡು ತಿಂಗಳು ಅಲೆದ. ಒಂದು ಕ್ಯಾಸೆಟ್‌ನ ಬೆಲೆಗೆ ಸಾಗಣೆ ವೆಚ್ಚ, ಅದರ ಮೇಲೆ ಸುಂಕ ಸೇರಿಸಿದರೆ ಅವನ ಇಡೀ ಗಂಟು ಕರಗುತ್ತಿತ್ತು. ಕ್ರೋನೋ ಟ್ರಿಗರ್ ಜಪಾನಿನ ನಿಂಟೆಂಡೊ ಕಂಪನಿಯ ಸೂಪರ್ ನಿಂಟೆಂಡೊ ಯಂತ್ರದ ಕಾಲದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಬಿಡುಗಡೆಯಾದ ಆಟ. ನಮ್ಮ ಟಿವಿಗಳು ಬಳಸುತ್ತಿದ್ದ ಪಾಲ್ ಎಂಬ ಚಿತ್ರ ವ್ಯವಸ್ಥೆಯ ದೇಶಗಳಿಗೆ ಅದು ಆ ರೂಪದಲ್ಲಿ ಬರಲೇ ಇಲ್ಲ. ಇನ್ನು ಅವನ ಸೋದರಮಾವನ ಮನೆಯ ಅಟ್ಟದಲ್ಲಿ ಸಿಕ್ಕಿದ್ದ ಹಳೆಯ ಟಿವಿ ಗೇಮ್, ನಿಂಟೆಂಡೊ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್ ಯಂತ್ರದ ನಕಲು. ಅದರ ಬಾಯಿ 60 ಪಿನ್ನಿನ ಕ್ಯಾಸೆಟ್‌ಗೆ ಮಾಡಿದ್ದು. ಅಮೆರಿಕದ ನಿಂಟೆಂಡೊ ಕ್ಯಾಸೆಟ್‌ಗೆ 72 ಪಿನ್. ದುಡ್ಡು ಕೊಟ್ಟು ತರಿಸಿದ್ದರೂ ಅದು ಒಳಗೆ ಕೂರುತ್ತಿರಲಿಲ್ಲ. ಇದನ್ನು ಪಟ್ಟಿಯ ಜೊತೆಗೆ ಹೇಳಬೇಕಾಗಿದ್ದವನು ನಾನು.

ಜೂನ್‌ನಲ್ಲಿ ಅವನು ಮತ್ತೆ ಬಂದಾಗ ಕೈಯಲ್ಲಿ ಅಂಗೈ ಅಗಲದ ಒಂದು ಹೊಸ ಯಂತ್ರವಿತ್ತು. "ಅಂಕಲ್, ನೀವು ಬರೆದುಕೊಟ್ಟಿದ್ದೆಲ್ಲ ಇದ್ರಲ್ಲೇ ಇದೆ. ಇನ್ನೂ ಸಾವಿರಾರು ಇದಾವೆ" ಎಂದ. ಯಾವುದನ್ನು ಆಡಿದೆ ಎಂದು ಕೇಳಿದೆ. ಪ್ರತಿಯೊಂದನ್ನೂ ಐದು ನಿಮಿಷ ನೋಡಿದೆನೆಂದೂ, ಮುಂದೇನು ಮಾಡಬೇಕೆಂದು ತೋಚಲಿಲ್ಲವೆಂದೂ ಹೇಳಿದ. ಅವನ ಮುಖದಲ್ಲಿದ್ದುದು ಮದುವೆ ಮನೆಯ ಊಟದಲ್ಲಿ ಎಲೆಯ ತುಂಬ ಬಡಿಸಿಕೊಂಡು ಏನನ್ನೂ ತಿನ್ನಲಾಗದೆ ಎದ್ದವನ ಕಳೆ.

ಹಳದಿ ಕ್ಯಾಸೆಟ್

ಅವನು ಹೋದ ಮೇಲೆ ಬೀರು ತೆಗೆದು ಕುಳಿತೆ. ನನ್ನ ಬಳಿ ಇರುವುದರಲ್ಲಿ ತೀರ ಹಳೆಯದು ಒಂದು ಹಳದಿ ಕ್ಯಾಸೆಟ್. 1996ರ ದೀಪಾವಳಿಯ ಆಸುಪಾಸಿನಲ್ಲಿ, ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ, ದೇವಸ್ಥಾನದ ದಾರಿಯಲ್ಲಿ ಬಳೆ, ಬಲೂನು, ಪ್ಲಾಸ್ಟಿಕ್ ಕೊಳಲುಗಳ ನಡುವೆ ಹರಡಿಟ್ಟಿದ್ದ ಅಂಗಡಿಯೊಂದರಲ್ಲಿ ಅಪ್ಪ ಅದನ್ನು ಕೊಡಿಸಿದ್ದರು. ಮೇಲಿನ ಚೀಟಿಯಲ್ಲಿ ಮಾರಿಯೋನ ಚಿತ್ರ, ಅದರ ಪಕ್ಕದಲ್ಲಿ ಸಂಬಂಧವೇ ಇಲ್ಲದ ಒಬ್ಬ ಕರಾಟೆ ವೀರ, ಹಿಂದೆ ವಿಮಾನ, ಕೆಳಗೆ ಒಂಬತ್ತುಗಳ ಒಂದು ಸಾಲು. ಅಷ್ಟು ಸಾವಿರ ಆಟಗಳಿವೆಯೆಂದು ಅಂಗಡಿಯವನು ಆಣೆಯಿಟ್ಟು ಹೇಳಿದ್ದ. ಮನೆಗೆ ತಂದು ಹಾಕಿ ನೋಡಿದರೆ ಪಟ್ಟಿ ಮುಗಿಯುವುದೇ ಇಲ್ಲ. ಆದರೆ ನಾಲ್ಕಾರು ಪುಟ ದಾಟಿದ ಮೇಲೆ ಅದೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ, ಒಂದರಲ್ಲಿ ಎರಡನೆಯ ಹಂತದಿಂದ, ಇನ್ನೊಂದರಲ್ಲಿ ಐದನೆಯ ಹಂತದಿಂದ ಶುರುವಾಗುತ್ತಿದ್ದವು. ನಾನೂ ಅಣ್ಣನೂ ಒಂದು ಭಾನುವಾರ ಪೂರ್ತಿ ಕುಳಿತು ಎಣಿಸಿ, ನಿಜವಾಗಿ ಇರುವುದು ಹದಿಮೂರು ಎಂದು ತೀರ್ಮಾನಿಸಿದೆವು. ಮೋಸ ಹೋದೆವೆಂದು ಅನ್ನಿಸಲಿಲ್ಲ. ಹದಿಮೂರು ಬಹಳವೇ ಆಗಿತ್ತು.

ಆ ಹದಿಮೂರರಲ್ಲಿ ನಾವು ಸವೆಸಿದ್ದು ಒಂದನ್ನೇ. ನಮ್ಮ ಬಾಯಲ್ಲಿ ಅದು 'ಟ್ಯಾಂಕ್ ಗೇಮ್'. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ, ನ್ಯಾಮ್ಕೊ ಸಂಸ್ಥೆ 1985ರಲ್ಲಿ ಫ್ಯಾಮಿಕಾಮ್‌ಗಾಗಿ ಹೊರತಂದದ್ದು ಎಂದು ತಿಳಿದದ್ದು ಮೀಸೆ ಬಂದ ಎಷ್ಟೋ ವರ್ಷಗಳ ಮೇಲೆ. ಪರದೆಯ ಕೆಳಗೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು, ಅದನ್ನು ಕಾಯಬೇಕು. ಒಂದೊಂದು ಹಂತದಲ್ಲಿ 20 ಶತ್ರು ಟ್ಯಾಂಕುಗಳು. ಇಬ್ಬರು ಒಟ್ಟಿಗೆ ಆಡಬಹುದು, ಅಣ್ಣನ ಗುಂಡು ನನಗೆ ತಾಗಿದರೆ ನಾನು ಸಾಯುವುದಿಲ್ಲ, ಕ್ಷಣಕಾಲ ಮರಗಟ್ಟಿ ನಿಲ್ಲುತ್ತೇನೆ. ಅಷ್ಟರಲ್ಲಿ ಶತ್ರು ಬಂದು ಕೊಲ್ಲುತ್ತಾನೆ. ಆ ವರ್ಷ ನಮ್ಮ ಮನೆಯಲ್ಲಿ ನಡೆದ ಜಗಳಗಳಲ್ಲಿ ಅರ್ಧದಷ್ಟಕ್ಕೆ ಈ ಮರಗಟ್ಟುವಿಕೆಯೇ ಮೂಲ. ಆಟದೊಳಗೆ ನಮ್ಮದೇ ನಕ್ಷೆ ಕಟ್ಟಿಕೊಳ್ಳುವ ವ್ಯವಸ್ಥೆಯೂ ಇತ್ತು. ಹದ್ದಿನ ಸುತ್ತ ಇಟ್ಟಿಗೆಯ ಬದಲು ಉಕ್ಕಿನ ಗೋಡೆ ಹಾಕಿ, ಅದರ ಸುತ್ತ ನೀರು ಹಾಕಿ, ಯಾರೂ ಮುಟ್ಟಲಾಗದ ಕೋಟೆ ಕಟ್ಟಿ ಅಣ್ಣ ಹೆಮ್ಮೆಪಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಕ್ಯಾಸೆಟ್‌ಗೆ ನೆನಪಿನ ಶಕ್ತಿಯಿಲ್ಲ. ಕರೆಂಟು ಬಂದಾಗ ಕೋಟೆ ಇರಲಿಲ್ಲ.

ಟಿವಿ ನಮ್ಮದಲ್ಲ, ಪೆನ್ಷನ್ ಮೊಹಲ್ಲಾದ ಚಿಕ್ಕಪ್ಪನ ಮನೆಯದು. ಆಟದ ಚಿತ್ರ ಬರಬೇಕಾದರೆ ಟಿವಿಯ ಮುಂಭಾಗದ ಪುಟ್ಟ ಮುಚ್ಚಳ ತೆಗೆದು, ಅದರೊಳಗಿನ ಹಲ್ಲುಚಕ್ರವನ್ನು ಉಗುರಿನಿಂದ ಕೂದಲೆಳೆಯಷ್ಟು ತಿರುಗಿಸಬೇಕಿತ್ತು. ಊರಾಚೆಯ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಆಕಾಶದಲ್ಲಿ ಅಲುಗದಂತೆ ಹಿಡಿದಿಟ್ಟಿದ್ದ ಅದೇ ಊರಿನಲ್ಲಿ, ನಾವು ಎರಡಡಿ ದೂರದ ಪೆಟ್ಟಿಗೆಯಿಂದ ಬರುವ ಚಿತ್ರವನ್ನು ಹಿಡಿಯಲು ಅರ್ಧ ಗಂಟೆ ಪಡಿಪಾಟಲು ಬೀಳುತ್ತಿದ್ದೆವು. ಚಿತ್ರ ಸ್ಥಿರವಾಗಿ ನಿಂತೊಡನೆ ಅಡುಗೆಮನೆಯಿಂದ ಚಿಕ್ಕಮ್ಮನ ದನಿ: "ಸಾಕು ಆರ್ಸ್ರೋ, ಪಿಕ್ಚರ್ ಟ್ಯೂಬ್ ಹೋಗ್ತದೆ!" ಪಿಕ್ಚರ್ ಟ್ಯೂಬ್ ಹೋಗಲಿಲ್ಲ. ಇನ್ನೂ ಹನ್ನೊಂದು ವರ್ಷ ಆ ಟಿವಿ ನಡೆಯಿತು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನನ್ನ ಜೀವನದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಈ ಆಟ ಆ ಕಾಲದಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಗಲೇ ಇಲ್ಲ. ಹಾಗಾಗಿ ಅಲ್ಲಿಯವರು ಬರೆಯುವ 'ಮೊದಲು ಕೊಳ್ಳಬೇಕಾದವು' ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ನಾನೂ ಅದನ್ನು ಹುಡುಗನ ಪಟ್ಟಿಯಲ್ಲಿ ಬರೆದಿರಲಿಲ್ಲ. ಎದೆಯೊಳಗಿನದನ್ನು ಬಿಟ್ಟು ಓದಿಕೊಂಡದ್ದನ್ನು ಬರೆದುಕೊಟ್ಟಿದ್ದೆ.

ಬೆಲೆ ಹೇಳುವುದು ಏನನ್ನು

ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು. ಒಂದು ವಸ್ತುವಿನ ಮೇಲಿನ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಕೇಳಿಕೊಳ್ಳುವುದು ಕಸುಬಿನಿಂದ ಬಂದ ಚಟ. ಹಳೆಯ ಆಟಗಳ ವಿಷಯದಲ್ಲಿ ಬೆಲೆ ಹೇಳುವುದು ಒಂದನ್ನೇ: ಅದರ ಪ್ರತಿಗಳು ಎಷ್ಟು ಉಳಿದಿವೆ, ಎಷ್ಟು ಜನ ಅದರ ಬೆನ್ನು ಹತ್ತಿದ್ದಾರೆ. ಆಟ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಆ ಅಂಕಿಗೂ ಹೇಳಿಕೊಳ್ಳುವಂಥ ನಂಟಿಲ್ಲ.

ಸ್ಟೇಡಿಯಂ ಈವೆಂಟ್ಸ್ ಎಂಬ ಆಟದ ಕಥೆ ಇದಕ್ಕೆ ಕನ್ನಡಿ. ಬಂಡಾಯ್ ಸಂಸ್ಥೆ 1987ರಲ್ಲಿ ಅಮೆರಿಕದಲ್ಲಿ ಹೊರತಂದ ಓಟದ ಆಟ ಅದು. ನೆಲದ ಮೇಲೆ ಹಾಸಿದ ಚಾಪೆಯ ಮೇಲೆ ನಿಜವಾಗಿಯೂ ಕುಣಿದಾಡಿ ಆಡಬೇಕು. ಚಾಪೆಯ ಹಕ್ಕನ್ನು ನಿಂಟೆಂಡೊ ತಾನೇ ಕೊಂಡು, ಹಳೆಯ ಕ್ಯಾಸೆಟ್‌ಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಸಿ, ಅದೇ ಆಟಕ್ಕೆ ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್ ಎಂಬ ಹೊಸ ಹೆಸರಿಟ್ಟು 1988ರಲ್ಲಿ ಮತ್ತೆ ಮಾರಿತು. ಹಿಂತೆಗೆಯುವ ಮೊದಲು ಮಾರಾಟವಾದ ಕೆಲವೇ ಪ್ರತಿಗಳು ಇಂದು ಸಂಗ್ರಾಹಕರ ಲೋಕದಲ್ಲಿ ಲಕ್ಷಗಳ ವಸ್ತು. ಹೊಸ ಹೆಸರಿನದು ಅಮೆರಿಕದಲ್ಲಿ ಗುಜರಿ ಬೆಲೆಗೆ ಸಿಗುತ್ತದೆ. ಒಳಗಿನ ಓಟ ಒಂದೇ, ಕುಣಿಯುವ ಕಾಲೂ ಒಂದೇ.

ಪ್ಯಾಕೆಟ್ ಒಡೆಯದ ಪ್ರತಿಗಳ ಕಥೆ ಇನ್ನೂ ವಿಚಿತ್ರ. 2021ರ ಜುಲೈಯಲ್ಲಿ ಸೂಪರ್ ಮಾರಿಯೋ 64ರ ಸೀಲ್ ಒಡೆಯದ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಆ ಆಟದ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ, ಅದು ಅಪರೂಪವಲ್ಲ. ಅಪರೂಪವಾಗಿದ್ದುದು ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ. ಕೊಂಡ ಪುಣ್ಯಾತ್ಮ ಅದನ್ನು ಆಡುವಂತಿಲ್ಲ, ಆಡಲು ಬಿಚ್ಚಿದರೆ ಬೆಲೆ ಹೋಯಿತು. ಸಂಗ್ರಹ ಎಂದರೆ ಇದೇ ಎಂದು ಹೊಸಬರು ತಿಳಿದುಬಿಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಡಬ್ಬಿಯಿಲ್ಲದ, ಪುಸ್ತಿಕೆಯಿಲ್ಲದ, ಚೀಟಿಯ ಮೂಲೆ ಕಿತ್ತ ಬಿಡಿ ಕ್ಯಾಸೆಟ್‌ನಷ್ಟು ಒಳ್ಳೆಯ ಮೊದಲ ಖರೀದಿ ಬೇರೆಯಿಲ್ಲ. ಯಾರದೋ ಹಳೆಯ ಹೆಸರು ಬಾಲ್‌ಪೆನ್ನಿನಲ್ಲಿ ಕೊರೆದಿದ್ದರೆ ಇನ್ನೂ ಉತ್ತಮ, ಚೌಕಾಸಿಗೆ ಅನುಕೂಲ.

ಅಗ್ಗದ ಆಟ ಅಗ್ಗವಾಗಿರುವುದು ಕಳಪೆಯಾಗಿದ್ದರಿಂದ ಅಲ್ಲ, ಬಹಳ ಜನ ಅದನ್ನು ಕೊಂಡಿದ್ದರಿಂದ. ಇದು ತಲೆಗೆ ಹೋದರೆ ಅರ್ಧ ಗೊಂದಲ ಕಳೆಯುತ್ತದೆ. ಅದರಲ್ಲೂ ಯಂತ್ರದ ಜೊತೆಗೇ ಡಬ್ಬಿಯಲ್ಲಿಟ್ಟು ಕೊಟ್ಟ ಆಟಗಳನ್ನು ಗಮನಿಸಬೇಕು. 1989ರಲ್ಲಿ ಅಮೆರಿಕಕ್ಕೆ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಜೊತೆ ಟೆಟ್ರಿಸ್ ಕೊಟ್ಟರು. ಅಮೆರಿಕದ ನಿಂಟೆಂಡೊ ಯಂತ್ರದ ಜೊತೆ ಸೂಪರ್ ಮಾರಿಯೋ ಬ್ರದರ್ಸ್ ಮತ್ತು ಡಕ್ ಹಂಟ್ ಎರಡನ್ನೂ ಒಂದೇ ಕ್ಯಾಸೆಟ್‌ನಲ್ಲಿ ಸೇರಿಸಿ ಕೊಟ್ಟರು. ನಿಂಟೆಂಡೊದ ಎದುರಾಳಿ ಸೆಗಾದವರು 1991ರಲ್ಲಿ ತಮ್ಮ ಯಂತ್ರದ ಜೊತೆ ಸೋನಿಕ್ ಕೊಟ್ಟರು, 2006ರಲ್ಲಿ ನಿಂಟೆಂಡೊದ ವೀ ಯಂತ್ರದ ಜೊತೆ ಬಹುತೇಕ ದೇಶಗಳಲ್ಲಿ ವೀ ಸ್ಪೋರ್ಟ್ಸ್ ಬಂತು. ಮನೆಮಂದಿಯನ್ನೆಲ್ಲ ಒಂದೇ ಸಂಜೆಯಲ್ಲಿ ಮರುಳು ಮಾಡಿ ಯಂತ್ರವನ್ನು ಮಾರಿಸಬಲ್ಲ ಆಟ ಯಾವುದೆಂದು ಕಂಪನಿಯೇ ಆರಿಸಿದ್ದು ಇವು. ಮನೆಮನೆಗೂ ಹೋದದ್ದರಿಂದ ಇಂದು ಆಯಾ ಯಂತ್ರದ ಅತಿ ಅಗ್ಗದ ಆಟಗಳ ಸಾಲಿನಲ್ಲಿವೆ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಇವತ್ತು ನಿಮ್ಮ ಮೊಬೈಲಿಗೆ ಬರುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದೊಡ್ಡದು.

ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಡಕ್ ಹಂಟ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಅದಕ್ಕೆ ಬೇಕಾದ ಗನ್ ಹೊಸ ಎಲ್ಇಡಿ ಟಿವಿಯ ಮುಂದೆ ಬರೀ ಆಟಿಕೆ. ಗನ್ನಿನ ಕುದುರೆ ಒತ್ತಿದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮಿಂಚುತ್ತದೆ. ಗನ್ನಿನ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿತು ಎಂದರ್ಥ. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಈ ಮಿಂಚು ಸರಿಯಾದ ಹೊತ್ತಿಗೆ ಬರುತ್ತದೆ, ಹೊಸ ಪರದೆಯಲ್ಲಿ ತಡವಾಗುತ್ತದೆ. ನಮ್ಮ ಬೀದಿಯಲ್ಲಿ ಈಗ ಪಿಕ್ಚರ್ ಟ್ಯೂಬಿನ ಟಿವಿ ಉಳಿದಿರುವುದು ನನ್ನೊಬ್ಬನ ಮನೆಯಲ್ಲಿ, ಅದೂ ಮಂಚದ ಕೆಳಗೆ.

ಹಾಸನದಲ್ಲಿ ನಿಂತು ಲೆಕ್ಕ ಹಾಕಿದರೆ

ಹಾಗಾದರೆ ಅಮೆರಿಕದಲ್ಲಿ ಅಗ್ಗವಾದದ್ದನ್ನು ನಾವೂ ಕೊಳ್ಳೋಣವೇ? ಅಲ್ಲಿಯ ಗುಜರಿ ಇಲ್ಲಿಗೆ ಬರುವಷ್ಟರಲ್ಲಿ ಒಡವೆಯಾಗಿರುತ್ತದೆ. ನಮ್ಮ ಸುತ್ತ ಮನೆಮನೆಗೂ ಹೋದದ್ದು ಯಾವುದು ಎಂದು ನೋಡಬೇಕು. ಹಾಗೆ ನೋಡಿದರೆ ಸಿಗುವುದು ಎರಡು: ತೊಂಬತ್ತರ ದಶಕದ ಫ್ಯಾಮಿಕಾಮ್ ನಕಲುಗಳು, ಆಮೇಲೆ ಪಿಎಸ್2, ಅಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ 2.

ನಕಲು ಯಂತ್ರಗಳನ್ನು ಸಂಗ್ರಹವೆಂದೇ ಒಪ್ಪದ ಶುದ್ಧಾಚಾರದವರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ, ಒಪ್ಪಿಗೆಯೂ ಇಲ್ಲ. ಸೆಗಾದ ಅಸಲಿ ಯಂತ್ರ ಅದೇ ದಶಕದಲ್ಲಿ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದಾಗ ಅದರ ಬೆಲೆ ನಮ್ಮಂಥ ಮನೆಗಳ ತಿಂಗಳ ಸಂಬಳಗಳನ್ನೇ ನುಂಗುವಂತಿತ್ತು. ನಾವು ಆಡಿದ್ದು ನಕಲನ್ನೇ, ನಮ್ಮ ಚರಿತ್ರೆ ಇರುವುದೂ ಆ ಹಳದಿ ಪ್ಲಾಸ್ಟಿಕ್ಕಿನಲ್ಲೇ. ಮನೆಯ ಅಟ್ಟದಲ್ಲಿ ಒಂದು ಸಿಕ್ಕಿದರೆ ಖಂಡಿತ ಉಳಿಸಿಕೊಳ್ಳಿ. ಆದರೆ ಇಂದು ಹೊಸದಾಗಿ ತಯಾರಾಗಿ, ಹಳೆಯ ಚೀಟಿ ಅಂಟಿಸಿಕೊಂಡು ಬರುವ ಕ್ಯಾಸೆಟ್‌ಗಳಿಗೆ 'ಹಳೆಯದು' ಎಂದು ಹೆಚ್ಚು ದುಡ್ಡು ಕೊಡಬೇಡಿ. ಗೇಮ್ ಬಾಯ್‌ನ ಪೋಕೆಮಾನ್ ಕ್ಯಾಸೆಟ್‌ಗಳಲ್ಲಂತೂ ನಕಲಿ ಯಾವುದು ಅಸಲಿ ಯಾವುದು ಎಂದು ಸ್ಕ್ರೂ ಬಿಚ್ಚಿ ನೋಡಿಯೇ ಹೇಳಬೇಕು: ಒಳಗಿನ ಹಸಿರು ಹಲಗೆಯ ಮೇಲೆ ಸರಿಯಾದ ಚಿಪ್‌ಗಳ ಬದಲು ಕರಿ ಡಾಂಬರಿನ ಬೊಟ್ಟು ಇಟ್ಟಂತಿದ್ದರೆ ಅದು ನಕಲಿ.

ಪಿಎಸ್2ರ ಕಥೆ ಬೇರೆ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂದು, 2013ರ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೆ 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ. ಹಾಸನದಂಥ ಊರಿನಲ್ಲೂ ಹತ್ತು ಮನೆ ವಿಚಾರಿಸಿದರೆ ಒಂದು ಮನೆಯ ಸಜ್ಜೆಯ ಮೇಲೆ ಇರುತ್ತದೆ, ಕೇಳಿದರೆ ಧೂಳು ಒರೆಸಿಯೂ ಕೊಡುತ್ತಾರೆ. ಇದು ಹಿಂದಿನ ಪ್ಲೇಸ್ಟೇಷನ್ನಿನ ಸಿಡಿಗಳನ್ನೂ ಓದುತ್ತದೆ. ಒಂದು ಯಂತ್ರದ ಬೆಲೆಗೆ ಎರಡು ಭಂಡಾರ. ಟಿವಿಗೆ ಜೋಡಿಸಲು ಕೆಂಪು, ಬಿಳಿ, ಹಳದಿ ಮೂತಿಯ ವೈರು ಸಾಕು. ಡಿಸ್ಕಿನ ಡಬ್ಬಿಯ ಮೇಲೆ 'ಪಾಲ್' ಎಂದು ಇದೆಯೇ ಎಂದಷ್ಟು ನೋಡಿಕೊಳ್ಳಬೇಕು, ಏಕೆಂದರೆ ಅಮೆರಿಕದ ಡಿಸ್ಕನ್ನು ನಮ್ಮ ಕಡೆಯ ಯಂತ್ರ, ಈ ತಡೆಯನ್ನು ದಾಟಿಸುವ ಚಿಪ್ ಹಾಕಿಸದೆ ಒಪ್ಪುವುದಿಲ್ಲ. ಚಿಪ್ ಹಾಕಿಸಿದ ಯಂತ್ರಗಳೇ ನಮ್ಮಲ್ಲಿ ಹೆಚ್ಚು ಎನ್ನುವುದು ಬೇರೆ ಮಾತು. ಅವುಗಳ ಜೊತೆ ಬರುವ, ಮಾರ್ಕರಿನಲ್ಲಿ ಹೆಸರು ಬರೆದ ನೇರಳೆ ಛಾಯೆಯ ನಕಲು ಡಿಸ್ಕುಗಳನ್ನು ಬಿಟ್ಟಿ ಕೊಟ್ಟರೆ ಇಟ್ಟುಕೊಳ್ಳಿ, ದುಡ್ಡು ಕೊಡಬೇಡಿ.

ಆಟಗಳ ವಿಷಯಕ್ಕೆ ಬಂದರೆ, ಒಂದೂವರೆ ಕೋಟಿಯಷ್ಟು ಪ್ರತಿ ಮಾರಾಟವಾದ ಗ್ರಾನ್ ಟ್ಯೂರಿಸ್ಮೊ 3, ಟೆಕ್ಕೆನ್, ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ಯಾವುದೋ ವರ್ಷದ ಫಿಫಾ, ಇವೆಲ್ಲ ಒಂದೆರಡು ನೂರು ರೂಪಾಯಿಗೆ ನನಗೆ ಸಿಕ್ಕಿವೆ. ಕ್ರೀಡೆಯ ಆಟ ಪ್ರತಿ ವರ್ಷ ಹೊಸದು ಬರುವುದರಿಂದ ಹಳೆಯದನ್ನು ಕೇಳುವವರಿಲ್ಲ. ಮೊದಲ ಖರೀದಿಗೆ ಅದಕ್ಕಿಂತ ನಿಶ್ಚಿಂತೆಯದು ಇಲ್ಲ. ನಾನು ಕಂಡಂತೆ ನಮ್ಮಲ್ಲಿ ಇದಕ್ಕೆ ಒಂದೇ ಅಪವಾದ. 2006ರ ಕೊನೆಗೆ ಬಂದ ಕ್ರಿಕೆಟ್ 07 ಆಟದ ಪಿಎಸ್2 ಡಿಸ್ಕನ್ನು ಇಲ್ಲಿ ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ರಿಚಿ ಬೆನೊ ಅವರ ವೀಕ್ಷಕ ವಿವರಣೆ ಕೇಳಿಕೊಂಡು ಬೆಳೆದ ಒಂದು ತಲೆಮಾರು ಅದನ್ನು ದೇವರ ಪಟದ ಹಾಗೆ ಕಾಪಾಡಿಕೊಂಡಿದೆ. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾಗಿ ಪಿಎಸ್2ಕ್ಕೆ ಬಂದ ಹನುಮಾನ್: ಬಾಯ್ ವಾರಿಯರ್, ಕಬಡ್ಡಿ, ಗಿಲ್ಲಿ ದಾಂಡು, ಗಾಳಿಪಟದ ಆಟಗಳಿದ್ದ ದೇಸಿ ಅಡ್ಡಾ ಇವೂ ಆಗಾಗ ಕಣ್ಣಿಗೆ ಬೀಳುತ್ತವೆ. ಆಟವಾಗಿ ಹನುಮಾನ್ ನನಗೆ ರುಚಿಸಲಿಲ್ಲ, ಆದರೆ ನಮ್ಮವರು ಮಾಡಿದ್ದೆಂಬ ಕಾರಣಕ್ಕೆ ಬೀರುವಿನಲ್ಲಿ ಮುಂದಿನ ಸಾಲಿನಲ್ಲೇ ಇದೆ.

ಯಂತ್ರದ ಬೆಲೆ ಎಂದು ಹೇಳುವಾಗ ನಾವು ವೈರು, ಅಡಾಪ್ಟರ್, ಮೆಮೊರಿ ಕಾರ್ಡ್‌ಗಳನ್ನು ಮರೆಯುತ್ತೇವೆ. ನಾನು ಮರೆತದ್ದಕ್ಕೆ ದಂಡ ತೆತ್ತಿದ್ದೇನೆ. ದೊಡ್ಡವನಾದ ಮೇಲೆ ನಾನು ಮೊದಲು ಕೊಂಡದ್ದು ಅಸಲಿ ಜಪಾನೀ ಫ್ಯಾಮಿಕಾಮ್. ಎರಡು ತಿಂಗಳ ಉಳಿತಾಯ. ಪಾರ್ಸೆಲ್ ಬಂದ ರಾತ್ರಿ, ಊಟಕ್ಕೂ ಕೂರದೆ, ಅದರ ಜೊತೆ ಬಂದಿದ್ದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಜಪಾನಿನ ಮನೆಗಳಲ್ಲಿ ಹರಿಯುವುದು 100 ವೋಲ್ಟ್, ನಮ್ಮಲ್ಲಿ 230. ಅಡಾಪ್ಟರಿನ ಬೆನ್ನ ಮೇಲೆ ಆ 100 ಎಂಬ ಅಂಕಿ ಉಬ್ಬಕ್ಷರದಲ್ಲಿ ಇತ್ತು, ಬೆರಳಿಗೂ ತಾಕಿತ್ತು. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಸುಟ್ಟ ಮೀನಿನಂಥ ವಾಸನೆ, ಆಮೇಲೆ ಮನೆಯ ಫ್ಯೂಸ್. ಕತ್ತಲಲ್ಲಿ ಅಮ್ಮ "ಏನ್ ಸುಟ್ಟೆ?" ಎಂದು ಕೇಳಿದರು. ಸಂಬಳ ಎನ್ನಬೇಕೆನ್ನಿಸಿತು. ಯಂತ್ರ ಹೇಗೋ ಬದುಕಿಕೊಂಡಿತು. ಅದಕ್ಕೆ 10 ವೋಲ್ಟಿನ, ನಡುವಿನ ತೂತು ಋಣ, ಹೊರಗಿನ ಬಳೆ ಧನ ಆಗಿರುವ ಅಡಾಪ್ಟರ್ ಬೇಕು, ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳು ಇದಕ್ಕೆ ತಿರುಗುಮುರುಗು ಎಂದು ತಿಳಿದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ತರುವವರೆಗೆ ಆರು ವಾರ ಅದು ಬೀರುವಿನಲ್ಲಿ ಸುಮ್ಮನೆ ಕುಳಿತಿತ್ತು.

ಮಳೆ ತಿಂದ ಡಿಸ್ಕುಗಳು

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯೊಂದರಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ, ಮಗ ಬೆಂಗಳೂರಿಗೆ ಹೋದ ಮೇಲೆ ಯಾರೂ ಮುಟ್ಟಿಲ್ಲ, ಬೇಕಿದ್ದರೆ ಒಯ್ಯಿರಿ ಎಂದು ಪರಿಚಯದವರು ಹೇಳಿದಾಗ ಆಗಸ್ಟ್ ತಿಂಗಳು. ಮಲೆನಾಡಿನ ಮಳೆಯಲ್ಲಿ ತೋಟದ ಮನೆ ಹೇಗಿರುತ್ತದೆಂದು ಗೊತ್ತಿದ್ದವರು ಆ ತಿಂಗಳು ಹೋಗುವುದಿಲ್ಲ. ನಾನು ಆಸೆಬುರುಕ, ಹೋದೆ. ಒಲೆಯ ಮೇಲಿನ ಅಟ್ಟದಲ್ಲಿ ಮೆಣಸಿನ ಚೀಲಗಳ ಪಕ್ಕ ಇಟ್ಟಿದ್ದರೆ ಪೆಟ್ಟಿಗೆ ಬೆಚ್ಚಗೆ ಉಳಿದಿರುತ್ತಿತ್ತು. ಅದು ಇದ್ದದ್ದು ಹಿಂದಿನ ಕೋಣೆಯ ಗೋಡೆಗೆ ಒರಗಿ. ಮುಟ್ಟಿದರೆ ರಟ್ಟು ಹಪ್ಪಳದ ಹಿಟ್ಟಿನಂತೆ ಬೆರಳಿಗೆ ಬಂತು. ಒಳಗೆ ಇಪ್ಪತ್ತೆರಡು ಡಿಸ್ಕುಗಳು. ಪುಸ್ತಿಕೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು, ಡಿಸ್ಕುಗಳ ಮೇಲೆ ಬಿಳಿಯ ಬೂಷ್ಟು ರಂಗೋಲಿ ಬಿಟ್ಟಿತ್ತು.

ಮನೆಗೆ ತಂದು, ಬಚ್ಚಲಿನಲ್ಲಿ ಕುಳಿತು, ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಒಂದೊಂದನ್ನೇ ತೊಳೆದೆ. ಒರೆಸುವಾಗ ಸುತ್ತಲೂ ತಿರುಗಿಸಿ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಗೀರು ಬಿದ್ದರೂ ಓದುವ ದಾರಿಗೆ ಅಡ್ಡವಾಗಿ ಬೀಳುತ್ತದೆ, ಯಂತ್ರ ದಾಟಿಕೊಳ್ಳುತ್ತದೆ. ಮೊದಲ ಪ್ಲೇಸ್ಟೇಷನ್ನಿನ ಡಿಸ್ಕುಗಳ ಅಡಿಭಾಗ ಕಾಡಿಗೆಯಂಥ ಕಪ್ಪು. ಪಿಎಸ್2ರಲ್ಲಿ ಸಿಡಿಯ ಮೇಲೆ ಬಂದ ಆಟಗಳದ್ದು ನೀಲಿ, ಡಿವಿಡಿಯ ಮೇಲೆ ಬಂದವು ಬೆಳ್ಳಿ. ಎಲ್ಲರೂ ಈ ಅಡಿಭಾಗದ ಗೀರುಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಚಿತ್ರ ಅಚ್ಚಾದ ಮೇಲ್ಭಾಗದ ಕೆಳಗೇ. ಅಲ್ಲಿ ಆಳವಾದ ಗೀರು ಬಿದ್ದರೆ ಯಾರೂ ಉಳಿಸಲಾರರು. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರವಾಗಿರುತ್ತದೆ. ಹಾಗಾಗಿ ಸಿಡಿ ಕೊಳ್ಳುವಾಗ ಅದನ್ನು ಬೆಳಕಿಗೆ ಹಿಡಿದು, ಸೂಜಿ ಮೊನೆಯಂಥ ಬೆಳಕಿನ ಚುಕ್ಕೆಗಳು ಕಾಣುತ್ತವೆಯೇ ಎಂದು ಚಿತ್ರದ ಕಡೆಯಿಂದ ನೋಡಬೇಕು. ಕಂಡರೆ ಹಿಂದಿರುಗಿಸಿ. ಇಪ್ಪತ್ತೆರಡರಲ್ಲಿ ಹನ್ನೊಂದು ಓಡಿದವು.

ಕ್ಯಾಸೆಟ್‌ಗಳು ಇಷ್ಟು ನಾಜೂಕಲ್ಲ. ಬಾಲ್ಯದಲ್ಲಿ ನಾವೆಲ್ಲ ಮಂತ್ರದ ಹಾಗೆ ಕ್ಯಾಸೆಟ್ ಬಾಯಿಗೆ ಊದುತ್ತಿದ್ದೆವಲ್ಲ, ಅದರಿಂದ ಆದದ್ದು ಎಂಜಲಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿದದ್ದು ಮಾತ್ರ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದರಿಂದ ಅದು ಓಡುತ್ತಿತ್ತು, ಊದಿದ್ದರಿಂದಲ್ಲ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದರೆ ಮೂವತ್ತು ವರ್ಷದ ಕಪ್ಪು ಬರುತ್ತದೆ. ಜೆಲ್ಡಾ, ಪೋಕೆಮಾನ್ ತರಹದ, ಆಟವನ್ನು ನೆನಪಿಟ್ಟುಕೊಳ್ಳುವ ಕ್ಯಾಸೆಟ್‌ಗಳೊಳಗೆ ಗುಂಡಿಯಾಕಾರದ ಸೆಲ್ ಇರುತ್ತದೆ. ಅದು ಸತ್ತರೆ ನೆನಪೂ ಹೋಗುತ್ತದೆ, ಬೆಸುಗೆ ಬಿಚ್ಚಿ ಬೇರೆಯದು ಹಾಕಬೇಕು. ಕಲಿಯುವವನಿಗೆ ಆ ತಾಪತ್ರಯ ಮೊದಲೇ ಯಾಕೆ? ಟೆಟ್ರಿಸ್, ಸೂಪರ್ ಮಾರಿಯೋ, ಟ್ಯಾಂಕ್ ಗೇಮ್ ಇವಕ್ಕೆ ಸೆಲ್ ಇಲ್ಲ.

ಕಟ್ಟಿನಕೆರೆ ಕಡೆಗೆ

ಜುಲೈಯ ಒಂದು ಶನಿವಾರ ಹುಡುಗನನ್ನು ನಾನೇ ಕರೆದುಕೊಂಡು ಹೊರಟೆ. ಆ ಅಂಗೈ ಯಂತ್ರವನ್ನು ಅವನು ಗೆಳೆಯನಿಗೆ ಮಾರಿ, ಕೈಯಲ್ಲಿ ಮತ್ತೆ 2,600 ರೂಪಾಯಿ ಮಾಡಿಕೊಂಡಿದ್ದ. ಕಟ್ಟಿನಕೆರೆ ಮಾರುಕಟ್ಟೆಯ ಆಚೆಯ ಓಣಿಯಲ್ಲಿ ಮಿಕ್ಸಿ, ಟಿವಿ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ರಿಪೇರಿಗೆ ಕೊಟ್ಟು ಮರಳಿ ಬಾರದವರ ಸಾಮಾನುಗಳನ್ನು ಅವರು ವರ್ಷಗಟ್ಟಲೆ ಇಟ್ಟುಕೊಂಡು ಆಮೇಲೆ ಮಾರುತ್ತಾರೆ. ಅವರ ಮೇಜಿನ ಕೆಳಗಿಂದ ಒಂದು ತೆಳುವಾದ ಪಿಎಸ್2 ಹೊರಬಂತು, ಅಡಾಪ್ಟರ್ ಸಹಿತ, ಒಂದು ರಿಮೋಟು, 8 ಎಂಬಿಯ ಒಂದು ಮೆಮೊರಿ ಕಾರ್ಡು. ಅಲ್ಲೇ ಟಿವಿಗೆ ಹಾಕಿಸಿ ನೋಡಿದೆವು. ಲೆನ್ಸ್ ಸ್ವಲ್ಪ ಮುಕ್ಕರಿಸಿ ಓದಿತು. 1,800ಕ್ಕೆ ಮಾತಾಯಿತು.

ಡಿಸ್ಕುಗಳ ಪೆಟ್ಟಿಗೆಯನ್ನು ಅವನ ಮುಂದಿಟ್ಟು ನಾನು ಹೊರಗೆ ಬಂದು ನಿಂತೆ. ಪಟ್ಟಿ ಬರೆದುಕೊಡುವ ಆಸೆ ನಾಲಿಗೆ ತುದಿಯವರೆಗೂ ಬಂದಿತ್ತು. ಅರ್ಧ ಗಂಟೆ ಕೆದಕಿ ಅವನು ಮೂರನ್ನು ಆರಿಸಿದ: ಗ್ರಾನ್ ಟ್ಯೂರಿಸ್ಮೊ 3, ಡಬ್ಬಿಯಿಲ್ಲದ ಟೆಕ್ಕೆನ್ 5, ಮತ್ತು ಆ ಹಿರಿಯರು ಮೊದಲು ಕೊಡುವುದಿಲ್ಲವೆಂದು ಹೇಳಿ ಆಮೇಲೆ ಮನಸ್ಸು ಕರಗಿ ಕೊಟ್ಟ ಕ್ರಿಕೆಟ್ 07. ಮೂರಕ್ಕೂ ಸೇರಿ 650. ಉಳಿದದ್ದರಲ್ಲಿ ಬಿ.ಎಂ. ರಸ್ತೆಯಲ್ಲಿ ಇಬ್ಬರೂ ಕಾಫಿ ಕುಡಿದು ಬಂದೆವು.

ಮರುದಿನ ರಾತ್ರಿ ಅವನ ಫೋನು ಬಂತು. ಮೆಮೊರಿ ಕಾರ್ಡು ತುಂಬಿದೆ, ಹೊಸದಾಗಿ ಏನನ್ನೂ ಉಳಿಸಿಕೊಳ್ಳಲು ಬಿಡುತ್ತಿಲ್ಲ ಎಂದ. ಒಳಗೆ ಯಾರದೋ ಆಟಗಳಿವೆ, ಕ್ರಿಕೆಟ್‌ನಲ್ಲಿ ಯಾರೋ ಭಾರತವನ್ನು ಇಟ್ಟುಕೊಂಡು ಒಂದು ಟೂರ್ನಿಯನ್ನು ಸೆಮಿಫೈನಲ್‌ವರೆಗೆ ತಂದು ನಿಲ್ಲಿಸಿಬಿಟ್ಟಿದ್ದಾರೆ, ಅಳಿಸಲೇ ಎಂದು ಕೇಳಿದ. ನಿನ್ನ ಕಾರ್ಡು, ನಿನ್ನಿಷ್ಟ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಡಿ ಮುಗಿಸಿ ಆಮೇಲೆ ಅಳಿಸುತ್ತೇನೆ ಎಂದು ಹೇಳಿ ಫೋನಿಟ್ಟ. ಹನ್ನೊಂದೂವರೆಗೆ ಒಂದು ಸಂದೇಶ ಬಂತು. ಸೆಮಿಫೈನಲ್‌ನಲ್ಲಿ 28 ರನ್‌ಗಳಿಂದ ಸೋತಿದ್ದ. ಕಾರ್ಡಿನಲ್ಲಿ ಈಗ ಜಾಗವಾಗಿದೆಯಂತೆ.